ಅಂಗಡಿ ಹೆಸರು ಯಾರದ್ದು ಅಂತ ಪಂಚಾಯತ್ ಲೈಸನ್ಸ್ ಹೇಳೋದಿಲ್ಲ

ಮಾನ್ಯ ಸಂಪಾದಕರೇ,

ಪಂಚಾಯತ್ ಲೈಸನ್ಸಿಗೆ ಫ್ರೇಮ್ ಹಾಕ್ಸಿ ಗಲ್ಲಾದ ಮೇಲೆ ನೇತಾಡಿಸಿದ್ರೆ ಅಂಗಡಿಯ ಹೆಸರು ನಮ್ಮದಾಯ್ತು ಅಂತ ನಮ್ಮ ಕಾಸರಗೋಡು-ಮಂಜೇಶ್ವರ ಕಡೆಯ ಸಣ್ಣ ವ್ಯಾಪಾರದವರಲ್ಲಿ ಹೆಚ್ಚಿನವರು ನಂಬಿಕೊಂಡಿದ್ದಾರೆ, ಜಿಎಸ್‌ಟಿ ನಂಬರ್ ಇದ್ರಂತೂ ಕೇಳೋದೇ ಬೇಡ. ಹಾಗೆ ಆಗೋದಿಲ್ಲ ಮಾರಾಯ್ರೆ. ಲೈಸನ್ಸ್ ಅಂದ್ರೆ ಆ ಕಟ್ಟಡದಲ್ಲಿ ಆ ವ್ಯಾಪಾರ ಮಾಡ್ಬಹುದು ಅಂತ ಒಪ್ಪಿಗೆ ಅಷ್ಟೇ, ಜಿಎಸ್‌ಟಿ ಅಂದ್ರೆ ತೆರಿಗೆ ಕಟ್ಟುವವರ ಲಿಸ್ಟಲ್ಲಿ ನೀವೂ ಇದ್ದೀರಿ ಅಂತ, ಫುಡ್ ಲೈಸನ್ಸ್ ಅಂದ್ರೆ ತಿನ್ನುವ ವಸ್ತು ಯಾರು ಎಲ್ಲಿ ಮಾಡ್ತಾರೆ ಅಂತ ಸರಕಾರಕ್ಕೆ ಗೊತ್ತಿರ್ಲಿಕ್ಕೆ. ನಾಳೆ ಇನ್ನೊಬ್ಬರು ಬಂದು ನಿಮ್ಮದೇ ಹೆಸರು ಇಟ್ಕೊಂಡ್ರೆ ಇದ್ರಲ್ಲಿ ಯಾವ ಕಾಗದವೂ ಅಡ್ಡ ಬರೋದಿಲ್ಲ. ನಮ್ಮ ಮನೆಯ ಹಪ್ಪಳ-ಉಪ್ಪಿನಕಾಯಿ ವ್ಯಾಪಾರಕ್ಕೆ ಇದೇ ತಾಪತ್ರಯ ಬಂತು, ಅದ್ರ ಹಿಂದೆ ಓಡಾಡಿ ಗೊತ್ತಾದದ್ದು ಬೇರೆಯವರಿಗೂ ಉಪಯೋಗ ಆಗ್ಲಿ ಅಂತ ಬರೀತಾ ಇದ್ದೇನೆ. ಸ್ವಲ್ಪ ಉದ್ದ ಆಗಿದೆ, ಕತ್ತರಿ ಹಾಕೋದಿದ್ರೆ ದಯವಿಟ್ಟು ಕೊನೆಗೆ ಹಾಕ್ಬೇಡಿ, ಕೇಳ್ಕೊಳ್ಳೋದೆಲ್ಲ ಕೊನೆಯಲ್ಲೇ ಇರೋದು.

ನಮ್ಮದು ಪೆರ್ಲದ ಕಡೆ. ಅತ್ತೆಯವರು ಹಲಸಿನ ಕಾಲದಲ್ಲಿ ಬೆಳೆದ ತೊಳೆ ಬೇಯ್ಸಿ, ಉಪ್ಪು ಮೆಣಸು ಕೊತ್ತಂಬರಿ ಹಾಕಿ ಗುದ್ದಿ, ಅಕ್ಕಪಕ್ಕದ ಹೆಂಗಸರನ್ನ ಕರ್ಕೊಂಡು ಮಣೆಯಲ್ಲಿ ಒತ್ತಿ ಚಾಪೆಯಲ್ಲಿ ಒಣಗ್ಸಿ ಪೇಟೆಯ ಅಂಗಡಿಗಳಿಗೆ ಕೊಡ್ಲಿಕ್ಕೆ ಶುರು ಮಾಡಿದ್ದು, ಆಮೇಲೆ ಮಾವಿನ ಮಿಡಿ, ಅಪ್ಪೆಮಿಡಿ, ಅಂಬಟೆ ಎಲ್ಲ ಸೇರಿತು, ಈಗ ಬದಿಯಡ್ಕ, ಕುಂಬಳೆ, ಉಪ್ಪಳ, ಆಚೆ ವಿಟ್ಲ ಪುತ್ತೂರಿನ ವರೆಗೂ ಹೋಗ್ತದೆ. ಹೆಸರು ಊರಿನ ದೇವರದ್ದು, ಅದ್ರ ಮುಂದೆ ಹೋಮ್ ಪ್ರಾಡಕ್ಟ್ಸ್ ಅಂತ. ಹೆಸರನ್ನ ಇಲ್ಲಿ ಬರೆಯೋದಿಲ್ಲ, ನಮ್ಮ ಹೆಸರಿನ ಹಾಗೇ ಇಟ್ಕೊಂಡ ಆಚೆಯವರದ್ದೂ ಬರೆಯೋದಿಲ್ಲ, ಯಾಕಂದ್ರೆ ಅವರದ್ದು ಬರೆದ್ರೆ ನಮ್ಮದೂ ಬರೆದ ಹಾಗೇ ಆಗ್ತದೆ, ಅಷ್ಟು ಹತ್ತಿರ ಉಂಟು.

ಗೊತ್ತಾದದ್ದು ಹೇಗೆ ಅಂದ್ರೆ ಉಪ್ಪಳದ ಒಬ್ರು ಗಿರಾಕಿ, ಅವರ ಮಗ ದುಬೈಯಲ್ಲಿ, ವರ್ಷಕ್ಕೊಂದ್ಸಲ ಅವನಿಗೆ ಅಂತ ಹಪ್ಪಳದ ಕಟ್ಟು ತೆಗೊಂಡು ಕಳ್ಸೋದು ಪದ್ಧತಿ. ಅವರ ವಾಯ್ಸ್ ಮೆಸೇಜ್ ಬಂತು, "ಎಂತ ಅಕ್ಕ, ಈ ಸಲ ಹಪ್ಪಳಕ್ಕೆ ಎಂತ ಹಾಕಿದ್ರಿ, ಎಣ್ಣೆಗೆ ಹಾಕಿದ್ರೆ ಹುಳಿ ವಾಸನೆ ಬರ್ತದೆ, ಮಗ ಫೋನ್ ಮಾಡಿ ಬೈದ" ಅಂತ. ಫೋಟೋ ಕಳ್ಸಿ ಅಂದೆ. ಹಳದಿ ಪ್ಯಾಕೆಟ್, ಕೆಂಪು ಅಕ್ಷರ, ಎಡಬದಿಗೆ ಅರ್ಧ ಕೊಯ್ದ ಹಲಸಿನ ಚಿತ್ರ, ಕೆಳಗೆ ಅಜ್ಜಿಯ ಕೈರುಚಿ ಅಂತ ಒಂದು ಸಾಲು, ಎಲ್ಲ ನಮ್ಮದೇ. ದೊಡ್ಡದು ಮಾಡಿ ನೋಡಿದ್ರೆ ಹಲಸಿನ ತೊಟ್ಟಿನ ಹತ್ರ ಒಂದು ಹಸುರು ಎಲೆ, ಆ ಎಲೆಯ ಒಳಗೆ ಹಸುರು ಅಕ್ಷರದಲ್ಲೇ ನ್ಯೂ ಅಂತ. ಅಂದ್ರೆ ಹೆಸರಲ್ಲಿ ವ್ಯತ್ಯಾಸ ಉಂಟು ಅಂತ ಹೇಳ್ಲಿಕ್ಕೂ ಆಯ್ತು, ಯಾರ ಕಣ್ಣಿಗೂ ಕಾಣದ ಹಾಗೂ ಆಯ್ತು! ನಮ್ಮ ಹಪ್ಪಳ ಕೈಯಲ್ಲಿ ಒತ್ತಿದ್ದು, ಅಂಚು ಅಲ್ಲಲ್ಲಿ ಒಡೆದಿರ್ತದೆ, ಅವರದ್ದು ಮೆಷಿನಲ್ಲಿ ಕೊಯ್ದ ಸರೀ ಗುಂಡು. ಆದ್ರೆ ಅಂಗಡಿಯಲ್ಲಿ ಪ್ಯಾಕೆಟ್ ನೇತಾಡ್ಸಿರುವಾಗ ಅಂಚು ನೋಡುವವರು ಯಾರು, ಬಣ್ಣ ನೋಡಿ ಎಳ್ಕೊಂಡು ಹೋಗ್ತಾರೆ.

ಅದೊಂದೇ ಅಲ್ಲ. ಗೂಗಲ್ ಮ್ಯಾಪಲ್ಲಿ ನಮ್ಮ ಹೆಸರಿನ ಕೆಳಗೆ ಒಂದು ಸ್ಟಾರ್ ಕೊಟ್ಟು ಉಪ್ಪಿನಕಾಯಿಯಲ್ಲಿ ಬೂಷ್ಟು ಬಂದಿದೆ ಅಂತ ಯಾರೋ ಬರೆದಿದ್ರು, ಫೋಟೋ ಹಾಕಿದ್ರು ಪುಣ್ಯಕ್ಕೆ, ಅದ್ರಲ್ಲಿದ್ದದ್ದು ಆಚೆಯವರ ಬಾಟ್ಲಿ. ಅವರಿಗೆ ಕಳ್ಸಿದ ದುಡ್ಡು ಕೇಳ್ಕೊಂಡು ನಮಗೆ ಫೋನ್, ನಮಗೆ ಬರ್ಬೇಕಾದ ಆರ್ಡರ್ ಅವರಿಗೆ. ಕೊರಿಯರಿನವನಿಗೂ ಮಂಡೆಬಿಸಿ.

ಆಚೆಯವರು ಗಡಿ ದಾಟಿ ಕರ್ನಾಟಕದ ಕಡೆಯವರು, ನಮ್ಮಿಂದ ದೂರ ಏನಿಲ್ಲ, ಅಡ್ಕಸ್ಥಳ ದಾಟಿದ್ರೆ ರಾಜ್ಯ ಬೇರೆ ಆಗ್ತದೆ ಅಷ್ಟೇ, ತುಳುವೂ ಒಂದೇ ಮದುವೆ ಊಟವೂ ಒಂದೇ. ಮೊದಲು ಫೋನಲ್ಲೇ ಮಾತಾಡಿದ್ದು. ಅವರು ನಗ್ತಾ ಹೇಳಿದ್ರು, "ದೇವರ ಹೆಸರಿಗೆ ಎಂತ ಅಕ್ಕ, ನಿಮ್ಮಲ್ಲಿ ಆಧಾರ್ ಕಾರ್ಡ್ ಉಂಟಾ?" ಸಿಟ್ಟು ಬಂದದ್ದು ಹೌದು, ಆದ್ರೆ ಆಮೇಲೆ ವಕೀಲರ ಹತ್ರ ಹೋದಾಗ ಅವರು ಹೇಳಿದ್ರು, ಆ ಮಾತಲ್ಲಿ ಅರ್ಧ ಸತ್ಯ ಉಂಟು ಅಂತ. ರಾಮಾಯಣ ಅನ್ನೋ ಹೆಸರನ್ನ ಅಗರಬತ್ತಿಗೆ ಟ್ರೇಡ್‌ಮಾರ್ಕ್, ಅಂದ್ರೆ ತನ್ನ ಸರಕಿನ ಗುರ್ತು ಅಂತ ರಿಜಿಸ್ಟರ್, ಮಾಡ್ಲಿಕ್ಕೆ ಹೋದ ಒಂದು ಕೇಸಲ್ಲಿ 2015ರಲ್ಲಿ ಸುಪ್ರೀಂ ಕೋರ್ಟು, ಪವಿತ್ರ ಗ್ರಂಥದ ಹೆಸರನ್ನ ಯಾರೋ ಒಬ್ಬರು ತನ್ನ ಸರಕಿಗೆ ಮಾತ್ರ ಅಂತ ಹಿಡ್ಕೊಳ್ಳಲಿಕ್ಕೆ ಆಗೋದಿಲ್ಲ ಅಂತ ಹೇಳಿದೆ. ಗಣೇಶ, ದುರ್ಗಾ, ಅನಂತೇಶ್ವರ, ಗೋಪಾಲಕೃಷ್ಣ ಅಂತ ಹೆಸರಿಟ್ಟ ಅಂಗಡಿ ನಮ್ಮಲ್ಲಿ ಪೇಟೆಗೆ ನಾಲ್ಕು ಇರ್ತದೆ, ಅವರೆಲ್ಲ ಒಬ್ಬರ ಮೇಲೊಬ್ಬರು ಕೇಸ್ ಹಾಕ್ಲಿಕ್ಕೆ ಹೊರಟ್ರೆ ಕೋರ್ಟಿಗೆ ಬೇರೆ ಕೆಲಸ ಇರೋದಿಲ್ಲ. ಊರಿನ ಹೆಸರೂ ಹಾಗೇ, ಉಡುಪಿ ಹೋಟೆಲ್ ಅಂತ ದೇಶ ಇಡೀ ಬೋರ್ಡ್ ಇರೋದು ಅದಕ್ಕೇ. ಸ್ವಂತ ಹೆಸರೂ ಹಾಗೇ, ನಿಜವಾಗಿ ಭಟ್ಟರಾದವರು ಭಟ್ ಅಂತ, ಶೆಟ್ಟರಾದವರು ಶೆಟ್ಟಿ ಅಂತ ಪ್ರಾಮಾಣಿಕವಾಗಿ ಇಟ್ಕೊಂಡ್ರೆ ಕಾನೂನು ಬೇಡ ಅನ್ನೋದಿಲ್ಲ. ಪ್ರಾಮಾಣಿಕವಾಗಿ ಅನ್ನೋದು ಮುಖ್ಯ.

ಇನ್ನರ್ಧ ಎಂತದ್ದು ಅಂದ್ರೆ, ಒಂದು ಶಬ್ದ ತೆಗ್ದು ಪಕ್ಕಕ್ಕಿಟ್ಟು ಇದು ನಿನ್ನದಾ ನನ್ನದಾ ಅಂತ ಕೋರ್ಟು ನೋಡೋದಿಲ್ಲ, ಒಟ್ಟಾರೆ ನೋಡ್ತದೆ. ಹೆಸರು, ಅದು ಕಿವಿಗೆ ಬೀಳುವ ರೀತಿ, ಬಣ್ಣ, ಚಿತ್ರ, ಸರಕು ಯಾವುದು, ತೆಗೊಳ್ಳುವವರು ಎಂತವರು, ಎಲ್ಲ ಸೇರ್ಸಿ. ಅಮೃತಧಾರಾ ಅಂತ ಒಂದು ಹಳೇ ಮದ್ದು ಇತ್ತಲ್ಲ, ಅದ್ರ ಎದುರು ಲಕ್ಷ್ಮಣಧಾರಾ ಅಂತ ಬಂತು, ಆ ಕೇಸು ಸುಪ್ರೀಂ ಕೋರ್ಟಿನ ವರೆಗೆ ಹೋಗಿ 1962ರಲ್ಲಿ ತೀರ್ಪಾಯ್ತು. ಗಿರಾಕಿ ಅಂದ್ರೆ ಎರಡು ಪ್ಯಾಕೆಟ್ ಪಕ್ಕಪಕ್ಕ ಇಟ್ಟು ಭೂತಗನ್ನಡಿ ಹಿಡ್ದು ನೋಡುವವನಲ್ಲ, ಅರ್ಧಂಬರ್ಧ ನೆನಪಲ್ಲಿ ಅಂಗಡಿಗೆ ಬರುವ ಸಾಮಾನ್ಯ ಮನುಷ್ಯ, ಅವನಿಗೆ ಗೊಂದಲ ಆಗ್ತದಾ ಅಂತ ನೋಡ್ಬೇಕು ಅಂತ ಅದ್ರಲ್ಲಿ ಬಂತು, ಎರಡೂ ಹೆಸರು ಮೋಸಹೋಗುವಷ್ಟು ಹತ್ತಿರ ಉಂಟು ಅಂತಲೂ ಆಯ್ತು. ಆದ್ರೂ ಲಕ್ಷ್ಮಣಧಾರಾದವರಿಗೆ ಉತ್ತರ ಪ್ರದೇಶದ ಮಟ್ಟಿಗೆ ಆ ಹೆಸರು ಸಿಕ್ತು, ಯಾಕೆ ಗೊತ್ತುಂಟಾ, ಅಮೃತಧಾರಾದವರು ಅಷ್ಟು ವರ್ಷ ಸುಮ್ಮನೆ ಇದ್ರು ಅಂತ! ಇದು ನಮ್ಮವರು ಕಿವಿಯಲ್ಲಿ ಇಟ್ಕೊಳ್ಬೇಕಾದ ವಿಷಯ. ಹೋಗ್ಲಿ ಪಾಪ ಅವನಿಗೂ ಹೊಟ್ಟೆಪಾಡು ಅಂತ ಬಿಡುವ ಸ್ವಭಾವ ನಮ್ಮಲ್ಲಿ ಜಾಸ್ತಿ, ಈಗಿನ ಕಾಯ್ದೆಯಲ್ಲಿ ರಿಜಿಸ್ಟರ್ ಆದ ಹೆಸರಿದ್ದೂ, ಇನ್ನೊಬ್ಬ ಅದನ್ನ ರಿಜಿಸ್ಟರ್ ಮಾಡ್ಸಿ ಬಳಸ್ತಾ ಇದ್ದಾನೆ ಅಂತ ಗೊತ್ತಿದ್ದೂ, ಐದು ವರ್ಷ ಒಂದೇ ಸಮ ಸುಮ್ಮನೆ ಕೂತ್ರೆ ಆಮೇಲೆ ಬೇಡ ಅನ್ಲಿಕ್ಕೆ ಬಹಳ ಕಷ್ಟ ಉಂಟು.

ಹಾಗಂತ ಹೆಸರು ಹತ್ತಿರ ಬಂದ ಕೂಡ್ಲೇ ತಪ್ಪು ಅಂತಲೂ ಅಲ್ಲ. ನಂದಿನಿ ಹಾಲು ಯಾರಿಗೆ ಗೊತ್ತಿಲ್ಲ, ಕೆಎಂಎಫ್‌ನವರು 1985ರಿಂದ ಆ ಹೆಸರು ಇಟ್ಕೊಂಡವರು, ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲಿನವರು 1989ರಿಂದ. ಕೆಎಂಎಫ್ ಆಕ್ಷೇಪ ಮಾಡಿತು, ಟ್ರೇಡ್‌ಮಾರ್ಕ್ ಆಫೀಸಲ್ಲಿ ಸೋತ್ರೂ ಮೇಲ್ಮನವಿ ಮಂಡಳಿಯಲ್ಲಿ, ಹೈಕೋರ್ಟಲ್ಲಿ ಗೆದ್ದಿತು, 2018ರಲ್ಲಿ ಸುಪ್ರೀಂ ಕೋರ್ಟಲ್ಲಿ ಹೋಟೆಲಿನವರ ಪರ ಆಯ್ತು. ಹಾಲಿನ ಪ್ಯಾಕೆಟ್ ಬೇರೆ ಹೋಟೆಲ್ ಊಟ ಬೇರೆ, ಬೋರ್ಡಿನ ನೋಟವೂ ಬೇರೆ, ಜನ ಗಲಿಬಿಲಿ ಆಗೋದಿಲ್ಲ ಅಂತ. ಹಾಗಾಗಿ ಉಪ್ಪಿನಕಾಯಿಯವರು ಅದೇ ಹೆಸರಿನ ಟೈಲರ್ ಅಂಗಡಿಯ ಮೇಲೆ ಜಗಳಕ್ಕೆ ಹೋಗೋದ್ರಲ್ಲಿ ಅರ್ಥ ಇಲ್ಲ. ನಮ್ಮ ಕೇಸಲ್ಲಿ ಸರಕು ಒಂದೇ, ಪೇಟೆ ಒಂದೇ, ಬಣ್ಣ ಒಂದೇ, ಹಲಸಿನ ಕೊಯ್ದ ಬದಿ ಕೂಡ ಒಂದೇ.

ಈಗ ಮುಖ್ಯ ವಿಷಯಕ್ಕೆ ಬರ್ತೇನೆ. ನಮ್ಮಲ್ಲಿ ಆಗ ಟ್ರೇಡ್‌ಮಾರ್ಕ್ ರಿಜಿಸ್ಟ್ರೇಷನ್ ಇರ್ಲಿಲ್ಲ, ಆಚೆಯವರಲ್ಲೂ ಇರ್ಲಿಲ್ಲ. ಹಾಗಿದ್ರೆ ಹೆಸರು ಯಾರದ್ದು? ಮೊದಲು ಯಾರು ಬಳಸಿದ್ದೋ ಅವರದ್ದು, ಆದ್ರೆ ಮೊದಲು ಬಳಸಿದ್ದು ನಾವೇ ಅಂತ ತೋರ್ಸಬೇಕು. ಟ್ರೇಡ್ ಮಾರ್ಕ್ಸ್ ಕಾಯ್ದೆ 1999ರದ್ದು, ಅದ್ರ 27ನೇ ಸೆಕ್ಷನಲ್ಲೇ ಉಂಟು, ರಿಜಿಸ್ಟರ್ ಆಗದ ಹೆಸರಿಗೂ ಪಾಸಿಂಗ್ ಆಫ್ ಅಂತ ಕೇಸು ಹಾಕುವ ಹಕ್ಕು ಹೋಗೋದಿಲ್ಲ ಅಂತ. ಪಾಸಿಂಗ್ ಆಫ್ ಅಂದ್ರೆ ತನ್ನ ಸರಕನ್ನ ಇನ್ನೊಬ್ಬರ ಸರಕು ಅಂತ ಜನ ತಿಳ್ಕೊಳ್ಳುವ ಹಾಗೆ ಮಾರೋದು. ಅದಕ್ಕೆ ನಮ್ಮ ಹೆಸರಿಗೆ ಪೇಟೆಯಲ್ಲಿ ಗುರ್ತ ಇತ್ತು, ಅವರು ಮಾಡಿದ್ರಿಂದ ಜನ ಮೋಸಹೋಗ್ತಾರೆ, ನಮಗೆ ಪೆಟ್ಟು ಬೀಳ್ತದೆ, ಇಷ್ಟನ್ನ ಕಾಗದ ಸಮೇತ ಇಡ್ಬೇಕು.

ತಿರುನೆಲ್ವೇಲಿಯ ಇರುಟ್ಟುಕಡೈ ಹಲ್ವಾ ಕೇಳಿರ್ಬಹುದು, ಕತ್ತಲೆ ಅಂಗಡಿ ಅಂತಲೇ ಪ್ರಸಿದ್ಧ, ತಮಿಳುನಾಡಿಗೆ ಹೋದವರು ಕ್ಯೂ ನಿಂತು ತರ್ತಾರೆ. ಅವರ ಹೆಸರಿನ ಹಿಂದೆ ತಿರುನೆಲ್ವೇಲಿ ಅಂತ ಸೇರ್ಸಿ ಇನ್ನೊಬ್ಬರು ಹಲ್ವಾ ಮಾರ್ಲಿಕ್ಕೆ ಶುರು ಮಾಡಿದ್ರು, ಅದನ್ನ ರಿಜಿಸ್ಟರ್ ಕೂಡ ಮಾಡ್ಸಿಕೊಂಡ್ರು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 2015ರಲ್ಲಿ ಎಂತ ಆಯ್ತು ಅಂದ್ರೆ, ಇಬ್ಬರ ಹತ್ರವೂ ರಿಜಿಸ್ಟ್ರೇಷನ್ ಇದ್ರೂ ಮೊದಲಿಂದ ಬಳಸ್ತಾ ಬಂದವರ ಹಕ್ಕೇ ದೊಡ್ಡದು, ಹಳಬರೇ ಗೆದ್ರು. ಹಪ್ಪಳದವರು ನಾವು ಹಲ್ವಾದವರಿಂದ ಕಲೀಬೇಕಾದ್ದು ಇದು.

ವಕೀಲರು ಮೊದಲು ಕೇಳಿದ್ದೇ ಹಳೇ ಬಿಲ್ ಉಂಟಾ ಅಂತ. ಅತ್ತೆಯವರು ಏನನ್ನೂ ಬಿಸಾಡುವವರಲ್ಲ, ನಮಗೆಲ್ಲ ಅದು ತಮಾಷೆಯ ವಿಷಯ ಆಗಿತ್ತು. ಅಟ್ಟದಲ್ಲಿ ಬಿಸ್ಕೆಟಿನ ಹಳೇ ಟಿನ್ನಿನಲ್ಲಿ ಬಿಲ್ ಪುಸ್ತಕಗಳು, ಗಿರಾಕಿಗೆ ಕೊಟ್ಟದ್ದು ಹೋಗಿ ಕಾರ್ಬನ್ ಕಾಪಿ ಉಳಿದದ್ದು, ನೀಲಿ ಬಣ್ಣ ಮಾಸಿ ಕೆಲವು ಕಡೆ ಮೊತ್ತವೇ ಕಾಣೋದಿಲ್ಲ, ಆದ್ರೆ ಮೇಲ್ಗಡೆ ಪ್ರೆಸ್ಸಲ್ಲಿ ಅಚ್ಚಾದ ನಮ್ಮ ಹೆಸರು, ಬಲಬದಿಗೆ ಅತ್ತೆಯವರ ಓರೆ ಅಕ್ಷರದಲ್ಲಿ ತಾರೀಕು, 2004, 2005, ಹಲಸಿನ ಹಪ್ಪಳ ಹತ್ತು ಕಟ್ಟು, ಮಿಡಿ ಎರಡು ಭರಣಿ. ಅದ್ರ ಜೊತೆ ಪ್ರೆಸ್ಸಿನವರು ಕೊಟ್ಟ ಲೇಬಲ್ ಪ್ರಿಂಟಿನ ರಸೀದಿ, ಬಸ್ಸಲ್ಲಿ ಪಾರ್ಸೆಲ್ ಹಾಕಿದ ಚೀಟಿಗಳು, ಜಾತ್ರೆಯ ಸ್ಟಾಲಿಗೆ ಕಟ್ಟಿದ ಬಾಡಿಗೆಯ ರಸೀದಿ, ಯಾವುದೋ ಯಕ್ಷಗಾನ ಬಯಲಾಟದ ಕರಪತ್ರದ ಅಡಿಯಲ್ಲಿ ಜಾಹೀರಾತು ಕೊಟ್ಟವರ ಪಟ್ಟಿಯಲ್ಲಿ ನಮ್ಮ ಹೆಸರು. ವಕೀಲರು ಆ ಕರಪತ್ರವನ್ನ ಹಿಡ್ಕೊಂಡು ಖುಷಿಪಟ್ಟದ್ದು ನೋಡ್ಬೇಕಿತ್ತು, ಇಂಥದ್ದೇ ಬೇಕಿತ್ತು ಅಂದ್ರು. ನಮ್ಮ ಪತ್ರಿಕೆಗಳಲ್ಲಿ ಹಬ್ಬಕ್ಕೆ ಶುಭ ಕೋರುವ ಸಣ್ಣ ಜಾಹೀರಾತು ಕೊಡ್ತೇವಲ್ಲ, ಅದು ಕೂಡ ತಾರೀಕು ಸಮೇತ ಒಳ್ಳೇ ಸಾಕ್ಷಿ, ಪೇಪರ್ ತೆಗ್ದಿಡಿ.

ಆದ್ರೆ ಇಲ್ಲಿ ನಮ್ಮ ಊರಿಗೆ ಮಾತ್ರ ಇರುವ ಒಂದು ತಾಪತ್ರಯ ಬಂತು. ಬಿಲ್ ಕನ್ನಡದಲ್ಲಿ. ಲೈಸನ್ಸ್ ಮಲಯಾಳದಲ್ಲಿ, ಅದ್ರಲ್ಲಿ ಹೆಸರು ಬರೆಯುವಾಗ ಅವರಿಗೆ ಕೇಳಿದ ಹಾಗೆ ಬರೆದಿದ್ದಾರೆ, ಒಂದು ದೀರ್ಘ ಹೋಗಿದೆ ಒಂದು ಒತ್ತು ಬಂದಿದೆ. ಬ್ಯಾಂಕ್ ಪಾಸ್‌ಬುಕ್ಕಲ್ಲಿ ಇಂಗ್ಲಿಷ್, ಮಲಯಾಳದಿಂದ ಇಂಗ್ಲಿಷಿಗೆ ಹೋದದ್ದು. ಜಿಎಸ್‌ಟಿಯಲ್ಲಿ ಇನ್ನೊಂದು ಸ್ಪೆಲ್ಲಿಂಗ್, ಅದು ಅಕೌಂಟೆಂಟರದ್ದು. ಎಲ್ಲ ಮೇಜಿನ ಮೇಲೆ ಹರಡಿದಾಗ ವಕೀಲರು ಇದೆಲ್ಲ ಒಂದೇ ಅಂಗಡಿಯದ್ದಾ ಅಂತ ಕೇಳಿದ್ರು, ಕೇಳಿದ್ದು ತಮಾಷೆಗಲ್ಲ, ಎದುರು ಪಾರ್ಟಿಯವರ ವಕೀಲರು ಕೋರ್ಟಲ್ಲಿ ಇದನ್ನೇ ಕೇಳ್ತಾರೆ. ಮಂಗಳೂರಿನಲ್ಲೋ ಮೈಸೂರಿನಲ್ಲೋ ಇರುವ ವ್ಯಾಪಾರಿಗೆ ಈ ತಲೆನೋವು ಕಡಿಮೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಭಾಷೆಯ ವಿಷಯದಲ್ಲಿ ಶಾಲೆ, ನೌಕರಿ, ಅರ್ಜಿ ಫಾರಂ ಅಂತ ನಾವು ಮಾತಾಡ್ತಾ ಬಂದಿದ್ದೇವೆ, ಅಂಗಡಿಯ ಹೆಸರೂ ಆ ಲಿಸ್ಟಿಗೆ ಸೇರ್ತದೆ ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಗಡಿಯದ್ದು ಇನ್ನೊಂದು. ಈಚೆ ಪಂಚಾಯತ್ ಕೇರಳದ್ದು, ಆಚೆ ಪಂಚಾಯತ್ ಕರ್ನಾಟಕದ್ದು, ಇವರು ಕೊಟ್ಟ ಹೆಸರು ಅವರಿಗೆ ಗೊತ್ತಾಗ್ಲಿಕ್ಕೆ ದಾರಿಯೇ ಇಲ್ಲ, ಅವರ ತಪ್ಪೂ ಅಲ್ಲ ಬಿಡಿ, ಹೆಸರು ಪರೀಕ್ಷೆ ಮಾಡೋದು ಅವರ ಕೆಲಸವೇ ಅಲ್ಲ. ಆದ್ರೆ ಟ್ರೇಡ್‌ಮಾರ್ಕ್ ಅನ್ನೋದು ಇಡೀ ದೇಶಕ್ಕೆ ಒಂದೇ. ಕೇರಳಕ್ಕೂ ಕರ್ನಾಟಕಕ್ಕೂ ಆಫೀಸು ಒಂದೇ, ಚೆನ್ನೈಯಲ್ಲಿ. ಅಲ್ಲಿಗೆ ಹೋಗ್ಬೇಕಂತಲೂ ಇಲ್ಲ, ಆನ್‌ಲೈನಲ್ಲಿ ಹಾಕ್ಬಹುದು, ಒಬ್ಬರೇ ನಡೆಸುವ ವ್ಯಾಪಾರ ಅಥವಾ ಸಣ್ಣ ಉದ್ಯಮ ಆದ್ರೆ ಸರಕಾರಿ ಫೀಸು ಆನ್‌ಲೈನಲ್ಲಿ ಒಂದು ಕ್ಲಾಸಿಗೆ 4,500 ರೂಪಾಯಿ, ಕಂಪನಿಗಳಿಗೆ 9,000. ಕ್ಲಾಸ್ ಅಂದ್ರೆ ಸರಕಿನ ಜಾತಿ, ಒಟ್ಟು 45 ಉಂಟು, ಉಪ್ಪಿನಕಾಯಿ 29ರಲ್ಲಿ ಬರ್ತದೆ, ಮಸಾಲೆ ಪುಡಿ 30ರಲ್ಲಿ, ಹೋಟೆಲ್ ಆದ್ರೆ 43, ಎರಡು ಕ್ಲಾಸ್ ಬೇಕಾದ್ರೆ ಎರಡು ಫೀಸು. ಹೆಸರು ಕನ್ನಡ ಅಕ್ಷರದಲ್ಲಿದ್ರೆ ಅದ್ರ ಉಚ್ಚಾರವನ್ನೂ ಅರ್ಥವನ್ನೂ ಇಂಗ್ಲಿಷಲ್ಲೋ ಹಿಂದಿಯಲ್ಲೋ ಬರೆದು ಕೊಡ್ಬೇಕು. ಇಂಥ ವರ್ಷದಿಂದ ಬಳಸ್ತಾ ಇದ್ದೇವೆ ಅಂತ ಹಾಕಿದ್ರೆ ಅದಕ್ಕೊಂದು ಅಫಿಡವಿಟ್, ಅದ್ರ ಜೊತೆ ಕಾಗದ. ಪುನಃ ಅದೇ ಟಿನ್ನಿನ ಡಬ್ಬಿ. ಅವರು ಪರೀಕ್ಷೆ ಮಾಡಿ ಒಪ್ಪಿದ್ರೆ ಟ್ರೇಡ್‌ಮಾರ್ಕ್ ಜರ್ನಲಲ್ಲಿ ಹಾಕ್ತಾರೆ, ನಾಲ್ಕು ತಿಂಗಳ ಒಳಗೆ ಯಾರು ಬೇಕಾದ್ರೂ ಆಕ್ಷೇಪ ಮಾಡ್ಬಹುದು, ಮಾಡದಿದ್ರೆ ರಿಜಿಸ್ಟರ್ ಆಗ್ತದೆ, ಅರ್ಜಿ ಹಾಕಿದ ದಿನದಿಂದ ಹತ್ತು ವರ್ಷ, ಮತ್ತೆ ಹತ್ತತ್ತು ವರ್ಷಕ್ಕೆ ನವೀಕರಣ. ಆ ಜರ್ನಲ್ ಯಾರು ಓದ್ತಾರೆ ಹೇಳಿ, ನಮ್ಮ ಹೆಸರಿನ ಹಾಗೇ ಇರೋದನ್ನ ಬೇರೆಯವರು ಹಾಕಿದ್ರೂ ಗೊತ್ತಾಗೋದಿಲ್ಲ, ಹಾಗಾಗಿ ಆಗಾಗ ಟ್ರೇಡ್‌ಮಾರ್ಕಿನವರ ಸೈಟಲ್ಲಿ ಹುಡುಕ್ತಾ ಇರ್ಬೇಕು, ಹುಡುಕ್ಲಿಕ್ಕೆ ದುಡ್ಡಿಲ್ಲ, ಹೆಸರಿನ ಉಚ್ಚಾರ ಹಾಕಿ ಹುಡುಕುವ ಸೌಕರ್ಯವೂ ಉಂಟು. ಮತ್ತೊಂದು, ರಿಜಿಸ್ಟರ್ ಆಗುವ ಮೊದ್ಲೇ ಹೆಸರಿನ ಪಕ್ಕ ಟಿಎಂ ಅಂತ ಹಾಕ್ಬಹುದು, ವೃತ್ತದೊಳಗಿನ ಆರ್ ಹಾಕ್ಲಿಕ್ಕಿಲ್ಲ, ಹಾಕಿದ್ರೆ ದಂಡ ಬೀಳ್ತದೆ, ಎಷ್ಟೋ ಜನ ಸ್ಟೈಲಿಗೆ ಅಂತ ಹಾಕ್ಕೊಂಡಿದ್ದಾರೆ.

ನಾವು ಅರ್ಜಿ ಹಾಕಿದ್ದೇವೆ, ದೇವರ ಹೆಸರೊಂದನ್ನೇ ಅಲ್ಲ, ಲೇಬಲ್ ಇಡೀ, ಬಣ್ಣ ಚಿತ್ರ ಸಮೇತ. ಬರೀ ದೇವರ ಹೆಸರಿಗೆ ಹಟ ಹಿಡಿದ್ರೆ ಫೀಸು ನೀರಲ್ಲಿ ಹೋಗ್ತಿತ್ತು ಅಂತ ವಕೀಲರು.

ಆಚೆಯವರ ವಿಷಯ ಎಲ್ಲಿಗೆ ಬಂತು ಅಂತ ಹೇಳ್ತೇನೆ. ಮನೆಯಲ್ಲಿ ಎರಡು ಪಕ್ಷ. ನಮ್ಮ ಯಜಮಾನರು ಮತ್ತು ಭಾವನವರು ನೇರ ಕೋರ್ಟಿಗೆ ಹೋಗುವ ಅಂತ, ನನ್ನದು ಮೊದಲು ನೋಟೀಸು, ಆಮೇಲೆ ಕೂತು ಮಾತು ಅಂತ. ಮುನ್ಸಿಫ್ ಕೋರ್ಟಲ್ಲಿ ಈ ಕೇಸು ಆಗೋದಿಲ್ಲ, ಜಿಲ್ಲಾ ಕೋರ್ಟಿಗೇ ಹಾಕ್ಬೇಕು, ಅವರ ಪ್ಯಾಕೆಟ್ ಉಪ್ಪಳದಲ್ಲಿ ಮಾರಾಟ ಆದದ್ರಿಂದ ಕಾಸರಗೋಡಲ್ಲೇ ಹಾಕ್ಬಹುದಿತ್ತು, ಇಲ್ಲದಿದ್ರೆ ಅವರ ಊರಿಗೆ ಹೋಗ್ಬೇಕು. ತುರ್ತು ತಡೆಯಾಜ್ಞೆ ಬೇಡದ ವಾಣಿಜ್ಯ ಕೇಸುಗಳಿಗೆ ಈಗ ಹೇಗೂ ಮೊದಲು ಮಧ್ಯಸ್ಥಿಕೆಗೆ ಹೋಗ್ಲೇಬೇಕು ಅಂತ ಕಾನೂನು ಉಂಟು. ಹಾಗಿರುವಾಗ ಕೋರ್ಟಿನ ಮೆಟ್ಟಿಲು ಹತ್ತುವ ಮೊದ್ಲೇ ಕೂತು ಮಾತಾಡಿದ್ರೆ ಎಂತ ಕಡಿಮೆ ಆಗ್ತದೆ? ಪೊಲೀಸ್ ಕಂಪ್ಲೇಂಟ್ ಕೊಡಿ ಅಂದವರೂ ಇದ್ರು, ಟ್ರೇಡ್‌ಮಾರ್ಕ್ ಕಾಯ್ದೆ ಪ್ರಕಾರ ಜಪ್ತಿ ಮಾಡ್ಲಿಕ್ಕೆ ಡಿವೈಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿಯೇ ಬೇಕು, ಅವರೂ ರಿಜಿಸ್ಟ್ರಾರರ ಅಭಿಪ್ರಾಯ ತೆಗೊಂಡೇ ಮಾಡ್ಬೇಕು, ಹಪ್ಪಳಕ್ಕೆ ಅಷ್ಟೆಲ್ಲ ಆಗ್ತದಾ.

ವಾಟ್ಸಾಪ್ ಗ್ರೂಪಲ್ಲಿ ಅವರ ಪ್ಯಾಕೆಟಿನ ಫೋಟೋ ಹಾಕಿ ಡೂಪ್ಲಿಕೇಟ್, ಕಳ್ಳರು ಅಂತ ಬರೆಯುವ ಅಂತ ನಮ್ಮ ಹುಡುಗರು ತಯಾರಾಗಿದ್ರು, ನಾನು ಬಿಡ್ಲಿಲ್ಲ. ಹಾಗೆ ಬರೆದ್ರೆ ಮಾನನಷ್ಟದ ಕೇಸು ಅವರು ನಮ್ಮ ಮೇಲೆ ಹಾಕ್ತಾರೆ, ಆಧಾರ ಇಲ್ಲದೆ ಬೆದರ್ಸಿದ್ರೆ ಬೆದರಿಸಿದವರ ಮೇಲೆಯೇ ಕೇಸು ಹಾಕುವ ಅವಕಾಶವೂ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ಉಂಟು, 142ನೇ ಸೆಕ್ಷನ್. ಅದ್ರ ಬದಲು ನಾವು ಮಾಡಿದ್ದು ಇಷ್ಟೇ, ನಮ್ಮ ಪ್ಯಾಕೆಟಿನ ಮೇಲೆ ನಮ್ಮ ಊರಿನ ಹೆಸರು ದೊಡ್ಡದು ಮಾಡಿ, ಫುಡ್ ಲೈಸನ್ಸಿನ 14 ಅಂಕಿಯ ನಂಬರ್ ಎದ್ದು ಕಾಣುವ ಹಾಗೆ ಹಾಕಿ, ಈ ನಂಬರ್ ನೋಡಿಯೇ ತೆಗೊಳ್ಳಿ ಅಂತ ಗಿರಾಕಿಗಳಿಗೆ ತಿಳಿಸಿದ್ದು. ಯಾರ ಹೆಸರೂ ಎತ್ತಿಲ್ಲ. ಗೂಗಲಿನ ಆ ರಿವ್ಯೂವಿಗೆ ಮರ್ಯಾದೆಯಲ್ಲೇ ಉತ್ತರ ಬರೆದೆವು, ಫೋಟೋದಲ್ಲಿರುವ ಬಾಟ್ಲಿ ನಮ್ಮದಲ್ಲ, ಲೈಸನ್ಸ್ ನಂಬರ್ ಹೋಲ್ಸಿ ನೋಡಿ ಅಂತ. ನಮ್ಮ ಕಡೆಯ ಅಂಗಡಿಗಳಲ್ಲಿ ನಮಗೆ ಬೇರೆ ಶಾಖೆಗಳಿಲ್ಲ ಅಂತ ಬೋರ್ಡ್ ಹಾಕೋದು ರೂಢಿ, ನನಗೇನೋ ಅದು ಅಷ್ಟು ಹಿಡಿಸೋದಿಲ್ಲ, ಪಕ್ಕದಲ್ಲೇ ಇನ್ನೊಬ್ಬರು ಉಂಟು ಅಂತ ನಾವೇ ಪ್ರಚಾರ ಮಾಡಿದ ಹಾಗೆ.

ನೋಟೀಸು ಹೋದ ಮೇಲೆ ಆಚೆಯವರ ಸ್ವರ ಸ್ವಲ್ಪ ತಗ್ಗಿತು. ಇಬ್ಬರ ಸಾಮಾನೂ ತೆಗೊಳ್ಳುವ ಬದಿಯಡ್ಕದ ಒಬ್ರು ಹಿರಿಯ ವ್ಯಾಪಾರಿಯ ಅಂಗಡಿಯಲ್ಲಿ ಕೂತ್ಕೊಂಡೆವು. ನಾನು ಅತ್ತೆಯವರ ಬಿಲ್ ಪುಸ್ತಕ ಮೇಜಿನ ಮೇಲಿಟ್ಟೆ. ಅವರ ಲೈಸನ್ಸ್ ಮೊನ್ನೆ ಮೊನ್ನೆಯದ್ದು, ಅವರಿಗೂ ಗೊತ್ತು. ಸ್ವಲ್ಪ ಹೊತ್ತು ಎಲ್ಲರೂ ಪುಟ ಮಗುಚಿದ್ರು, ಆ ಹಿರಿಯರು ಒಂದು ಬಿಲ್ಲಲ್ಲಿ ತನ್ನ ತಂದೆಯವರ ಸಹಿ ಕಂಡು ಅದನ್ನೇ ನೋಡ್ತಾ ಕೂತ್ರು. ಕೊನೆಗೆ ಆದ ಒಪ್ಪಂದ ಹೀಗೆ: ಅವರು ಹಳದಿ ಬಣ್ಣ ಮತ್ತು ಹಲಸಿನ ಚಿತ್ರ ತೆಗೀಬೇಕು, ಅಜ್ಜಿಯ ಕೈರುಚಿ ಸಾಲು ಬಿಡ್ಬೇಕು, ದೇವರ ಹೆಸರು ಇಟ್ಕೊಳ್ಬಹುದು ಆದ್ರೆ ಅವರ ಮನೆತನದ ಹೆಸರು ಅದ್ರ ಮೊದಲು ಅದೇ ಸೈಜಿನ ಅಕ್ಷರದಲ್ಲಿ ಬರ್ಬೇಕು, ಗೂಗಲಲ್ಲಿ ಅವರದ್ದೇ ಜಾಗದ ಪಿನ್ ಮತ್ತು ಫೋಟೋ ಹಾಕ್ಬೇಕು, ಕೈಯಲ್ಲಿರುವ ಹಳೇ ಕವರುಗಳನ್ನ ದೀಪಾವಳಿಯೊಳಗೆ ಮುಗಿಸ್ಬೇಕು. ಬಾಯಿಮಾತಲ್ಲಿ ಬಿಡ್ಲಿಲ್ಲ, ಮುದ್ರಾಂಕ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ ಆ ಹಿರಿಯರು ಸಾಕ್ಷಿ ಹಾಕಿದ್ರು. ಹೊಸ ಪ್ಯಾಕೆಟ್ ಬಂದಿದೆ, ಹಸುರು ಬಣ್ಣ, ದೂರದಿಂದಲೇ ಬೇರೆ ಅಂತ ಗೊತ್ತಾಗ್ತದೆ. ಹೆಸರು ಪೂರ್ತಿ ಬಿಡಿಸ್ಬೇಕಿತ್ತು ಅಂತ ಭಾವನವರಿಗೆ ಈಗಲೂ ಅಸಮಾಧಾನ, ಅವರ ಮಾತು ತಪ್ಪು ಅಂತ ಹೇಳೋದಿಲ್ಲ, ಆದ್ರೆ ಕೋರ್ಟಿಗೆ ಹೋಗಿದ್ರೂ ದೇವರ ಹೆಸರನ್ನ ಪೂರ್ತಿ ಬಿಡಿಸ್ಲಿಕ್ಕೆ ಆಗ್ತಿತ್ತಾ ಅನ್ನೋದು ನನಗೆ ಅನುಮಾನವೇ, ಸಿಗುವಷ್ಟು ಸಿಕ್ಕಿದೆ.

ಈಗ ಕೇಳ್ಕೊಳ್ಳೋದು. ಒಂದು, ಪಂಚಾಯತ್‌ನವರಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶ ಅಂತ ನೋಟೀಸು ಬೋರ್ಡುಗಳಲ್ಲಿ ಕನ್ನಡ ಬೇಕು ಅಂತ ಇರುವ ಹಾಗೆಯೇ, ಲೈಸನ್ಸಿನಲ್ಲಿ ಅಂಗಡಿಯ ಹೆಸರಿನ ಕಾಲಮ್ಮಿನಲ್ಲಾದ್ರೂ ಮಲಯಾಳದ ಜೊತೆ ಮಾಲೀಕರು ಬರೆದ ಹಾಗೆ ಕನ್ನಡದಲ್ಲೂ ಇಂಗ್ಲಿಷಲ್ಲೂ ಹೆಸರು ಇರ್ಲಿ. ಅರ್ಜಿಯಲ್ಲಿ ಒಂದು ಸಾಲು ಜಾಸ್ತಿ ಅಷ್ಟೇ, ಆದ್ರೆ ನಾಳೆ ಆ ವ್ಯಾಪಾರಿಗೆ ಅದೇ ದಾಖಲೆ. ಎರಡು, ಜಿಲ್ಲಾ ಕೈಗಾರಿಕಾ ಕೇಂದ್ರದವರು ಹೊಸ ಉದ್ಯಮಿಗಳಿಗೆ ಸಾಲ, ಸಬ್ಸಿಡಿ ಅಂತ ಮಾಹಿತಿ ಶಿಬಿರ ಮಾಡ್ತಾರಲ್ಲ, ಅದ್ರಲ್ಲಿ ಟ್ರೇಡ್‌ಮಾರ್ಕಿಗೆ ಅಂತ ಒಂದು ಗಂಟೆ ಇಟ್ಟು, ಮಂಜೇಶ್ವರ ತಾಲೂಕಲ್ಲಾದ್ರೂ ಅದನ್ನ ಕನ್ನಡದಲ್ಲಿ ಹೇಳಿಸ್ಲಿ, ಕುಟುಂಬಶ್ರೀ ಸ್ವಸಹಾಯ ಗುಂಪಿನ ಹೆಂಗಸರು ಎಷ್ಟು ಜನ ಮಸಾಲೆ ಪುಡಿ, ಸಾಬೂನು, ಉಪ್ಪಿನಕಾಯಿ ಮಾಡಿ ಹೆಸರಿಟ್ಟು ಮಾರ್ತಾ ಇದ್ದಾರೆ, ಅವರಿಗೆ ಇದು ಯಾರೂ ಹೇಳಿರೋದಿಲ್ಲ. ಮೂರು, ವ್ಯಾಪಾರಿ ಸಂಘಟನೆಯ ಘಟಕಗಳು ತಮ್ಮ ತಮ್ಮ ಪೇಟೆಯ ಅಂಗಡಿ ಹೆಸರು, ಶುರುವಾದ ವರ್ಷ, ಸರಕು ಯಾವುದು ಅಂತ ಒಂದು ಪುಸ್ತಕದಲ್ಲಿ ಬರೆದಿಡ್ಲಿ, ಹೊಸಬರು ಬೋರ್ಡ್ ಬರೆಸುವ ಮೊದಲು ಅದನ್ನ ನೋಡ್ಲಿಕ್ಕೆ ಸಿಕ್ಕಿದ್ರೆ ಅರ್ಧ ಜಗಳ ಹುಟ್ಟೋದೇ ಇಲ್ಲ. ಗಡಿಯ ಆಚೆಯ ಸಂಘದವರ ಜೊತೆ ಅದನ್ನ ವರ್ಷಕ್ಕೊಮ್ಮೆ ಹಂಚಿಕೊಂಡ್ರೆ ಇನ್ನೂ ಒಳ್ಳೇದು.

ಮತ್ತೆ ಓದುಗರಲ್ಲಿ ಯಾರಾದ್ರೂ ಈ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಹಳೇ ಬಿಲ್ ಪುಸ್ತಕ ಗುಜರಿಗೆ ಹಾಕ್ಲಿಕ್ಕೆ ತೆಗ್ದಿಟ್ಟಿದ್ರೆ, ಮೊದಲು ಪ್ರತೀ ವರ್ಷದ್ದು ಕೆಲವು ಪುಟ ಮೊಬೈಲಲ್ಲಿ ಫೋಟೋ ತೆಗ್ದು, ಅಸಲು ಪುಸ್ತಕವನ್ನ ಗೆದ್ದಲು ಹಿಡಿಯದ ಕಡೆ ವಾಪಸ್ ಇಡಿ.

ಇತಿ,
ಹಪ್ಪಳ-ಉಪ್ಪಿನಕಾಯಿ ವ್ಯಾಪಾರದ ಒಬ್ಬ ಓದುಗರು,
ಪೆರ್ಲ, ಕಾಸರಗೋಡು ಜಿಲ್ಲೆ